ಕಾಡಿಗೆ ಬಂದ ಆನೆ

"ರಾತ್ರಿ ಆನೆ ಕಾಡಿಗೆ ಬಂದ್ಬಿಟ್ಟಿತ್ತು ಟೀಚರ್, ಅದಕ್ಕೇ ಲೇಟು," ಎಂದಳು ಧರಣಿ, ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತು. ಲಕ್ಷ್ಮೀಪ್ರಿಯಾಗೆ ಖುಷಿಯಾಯಿತು. ಕೊಯಮತ್ತೂರು ನಗರದಿಂದ ಬೆಟ್ಟದ ಬುಡದ ಕಾರಮಡೈಗೆ ವರ್ಗವಾಗಿ ಬಂದ ಅವಳ ಜೊತೆ ಶಾಲೆಯಲ್ಲಿ ಕನ್ನಡ ಆಡುವವಳು ಈ ಹುಡುಗಿ ಒಬ್ಬಳೇ. ಅದೂ ಅರಣ್ಯ ರಕ್ಷಣೆಯ ಪಾಠದ ದಿನವೇ ಆನೆಯ ಸುದ್ದಿ ತಂದಿದ್ದಾಳೆ! "ಒಳ್ಳೇದೇ ಆಯ್ತಲ್ಲ, ಆನೆ ಕಾಡಿಗೆ ಬರದೆ ಇನ್ನೆಲ್ಲಿಗೆ ಬರಬೇಕು?" ಎಂದು ಸೀಮೆಸುಣ್ಣ ಹಿಡಿದ ಕೈಯಲ್ಲೇ ಚಪ್ಪಾಳೆ ತಟ್ಟಿದಳು.

ಧರಣಿಯ ಸಮವಸ್ತ್ರದ ಅಂಚಿಗೆ ಹರಿದ ಜೋಳದ ಎಲೆಯೊಂದು ಅಂಟಿಕೊಂಡಿತ್ತು. ಮುಂದಿನ ಬೆಂಚಿನ ತೆನ್ಮೊಳಿ ಮೆಲ್ಲಗೆ ತಮಿಳಿನಲ್ಲಿ ಹೇಳಿದಳು: "ಮಿಸ್, ಕಾಡು ಅಂದ್ರೆ ಅವರ ಹೊಲ. ಇಲ್ಲಿ ಎಲ್ಲರೂ ಹೊಲಕ್ಕೆ ಕಾಡು ಅಂತಲೇ ಅನ್ನೋದು."

ಬೋರ್ಡಿನ ನಡುವೆ ಲಕ್ಷ್ಮೀಪ್ರಿಯಾ ಬೆಳಗ್ಗೆಯೇ ಒಂದು ನೇರ ಗೆರೆ ಎಳೆದಿದ್ದಳು. ಅದರ ಆ ಕಡೆ 'ಕಾಡು', ಈ ಕಡೆ 'ಊರು' ಎಂದು ಬರೆದಿದ್ದಳು. ಈಗ ಎದ್ದುಹೋಗಿ 'ಕಾಡು' ಎಂಬುದನ್ನು ಅಂಗೈಯಲ್ಲಿ ಒರೆಸಿ, ಸೀಮೆಸುಣ್ಣವನ್ನು ಧರಣಿಗೆ ಚಾಚಿದಳು. "ನಿಮ್ಮ ಕಾಡು ಎಲ್ಲಿ ಬರುತ್ತೆ, ನೀನೇ ತೋರಿಸಮ್ಮ."

ಧರಣಿ ಏನೂ ಬರೆಯಲಿಲ್ಲ. ಗೆರೆಯನ್ನು ಒಂದು ಕಡೆ ಬೆರಳಿನಿಂದ ಉಜ್ಜಿ ಅಳಿಸಿ, ಆ ಸಂದಿಯಲ್ಲಿ ನಾಲ್ಕು ಕಾಲಿನ ಪುಟ್ಟ ಮಂಚ ಬಿಡಿಸಿದಳು.

"ಇದು ತಾತನ ಕಟ್ಟಿಲು ಟೀಚರ್. ಕಾವಲಿಗೆ ಇಲ್ಲೇ ಮಲಗೋದು. ರಾತ್ರಿ ತಾತ ಹೇಗೋ ಎದ್ದು ಓಡಿದ್ರು, ಆನೆ ಕಟ್ಟಿಲನ್ನ ತುಳಿದು ಮುರಿದುಹಾಕ್ತು. ಇವತ್ತು ಅಲ್ಲೇ ನೆಲದ ಮೇಲೇ ಮಲಗ್ತಾರಂತೆ."