ಬೆಂಕಿಗುಡ್ಡಕ್ಕೆ ಉಡಿ

ಮುಗಿಲಿನ ಹೊಟ್ಟೆ ತಿವಿಯುವ ಈ ಬೆಂಕಿಗುಡ್ಡ ಹುಟ್ಟಿದ್ದು ನಮ್ಮ ಉಳ್ಳಾಗಡ್ಡಿ ಹೊಲದಲ್ಲಿ. ಹುಟ್ಟಿದ ದಿನವೇ, ನೀರು ಹಾಯಿಸುತ್ತಿದ್ದ ನನ್ನ ಗಂಡನನ್ನು ನುಂಗಿತು. ಈಗ ವರ್ಷಕ್ಕೊಮ್ಮೆ ಊರ ಮುತ್ತೈದೆಯರು ಅದಕ್ಕೆ ಉಡಿ ತುಂಬಿ, ರಾತ್ರಿ ಅಲ್ಲೇ ಉಳಿದು ಬರುತ್ತಾರೆ. ತಪ್ಪಿದರೆ ಅದು ಊರ ಮೇಲೆ ಬೂದಿ ಉಗುಳುತ್ತದೆ.

ಟ್ರ್ಯಾಕ್ಟರಿಗೆ ಸಾಮಾನು ಏರಿಸುತ್ತಿದ್ದ ನೆಗೆಣ್ಣಿ, ಮೈದುನನ ಹೆಂಡತಿ ನೀಲವ್ವನಿಗೆ, “ಈ ಸಲ ನಾನೂ ಬರ್ತೀನಿ,” ಎಂದೆ.

“ಬ್ಯಾಡ ಯಕ್ಕಾ. ಕುಂಕುಮ ಇಲ್ದಾಕಿ ಬಂದ್ರ ಅದು ಸಿಟ್ಟಾಗತೈತಿ.”

“ಸಾವಿರ ಊರು ಸುಡೂವಂಥಾದ್ದು ನನ್ನ ಬೋಳು ಹಣಿಗೆ ಅಂಜತೈತೇನ?”

ಟ್ರ್ಯಾಕ್ಟರಿನಲ್ಲಿ ಕೂತಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಯಾರೂ ಸರಿದು ಜಾಗ ಕೊಡಲಿಲ್ಲ.

“ನನ್ನ ಕುಂಕುಮ ಅಳಿಸಿದ್ದ ಅದು, ನೀಲವ್ವಾ. ಉಡಿ ನೀವ ತುಂಬ್ರಿ. ನಾ ಒಂದ ರಾತ್ರಿ ಗಂಡನ ಹತ್ರ ಮಲಗಿ ಬರ್ತೀನಿ.”

ನೀಲವ್ವ ನನ್ನ ಮುಖ ನೋಡಲಿಲ್ಲ. ನಾನು ಬಡಿದ ರೊಟ್ಟಿಯ ಗಂಟನ್ನು ನನ್ನ ಕೈಯಿಂದ ಇಸಿದುಕೊಂಡು, ಟ್ರ್ಯಾಕ್ಟರು ಬಿಡಲು ಹೇಳಿದಳು.