ಕ್ಲಚ್ಚಿನ ಕೋಲು

ಮುಂಜಾನೆಯಿಂದ ಹೆಣಗಿ ಎಂಜಿನ್ ಚಾಲೂ ಮಾಡಿದ ಸಾತಪ್ಪ, ಕಾರಿನ ಹಿಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಗೇರು ಹಾಕಿ, ಕ್ಲಚ್ಚನ್ನು ತಳದವರೆಗೆ ಒತ್ತಿ ಹಿಡಿದ. ಆದರೂ ಗಾಲಿಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು. ಹೊಳೆಗೆ ಬ್ಯಾರೇಜು ಬಂದ ಮೇಲೆ ರಬಕವಿಯ ಆ ಶೆಡ್ಡಿನ ತೇವ ಆರಿದ್ದೇ ಇಲ್ಲ. ಎಂಟು ವರ್ಷ ನಿಂತಲ್ಲೇ ನಿಂತ ಹಳೇ ಕಾರಿನ ಕ್ಲಚ್ ಪ್ಲೇಟು ಜಂಗು ಹಿಡಿದು ಅಂಟಿಕೊಂಡಿತ್ತು.

"ಭಾಳ ಹಟಮಾರಿ ಐತ್ರಿ ಅವ್ವಾರ. ಥೇಟ ನಮ್ಮ ಸಾವಕಾರ್ರ ಹಂಗ."

ಬಾಗಿಲಲ್ಲಿ ನಿಂತಿದ್ದ ಮುತ್ತವ್ವ ನಗಲಿಲ್ಲ. ಸಾವಕಾರರು ತೀರಿಕೊಂಡು ಎರಡು ತಿಂಗಳಾಗಿತ್ತು. ಗಂಡ ಇರುವವರೆಗೆ ಆಡಲಾಗದ ಒಂದು ಮಾತು ಆಕೆಯ ಗಂಟಲಲ್ಲಿತ್ತು. ಕಾರಿನ ನೆಪ ಮಾಡಿ ಹಳೆಯ ಡ್ರೈವರ್ ಸಾತಪ್ಪನನ್ನು ಕರೆಸಿದ್ದೇ ಅದಕ್ಕೆ.

ಸಾತಪ್ಪ ಎಂಜಿನ್ನಿನ ವೇಗ ಏರಿಸಿ ಒಮ್ಮೆಲೇ ಬ್ರೇಕು ತುಳಿದ. ಎಂಜಿನ್ ಬಂದಾಯಿತು. ಮತ್ತೆ ಹಾಗೆಯೇ. ಮೂರನೆಯ ಸಲ ಒಳಗೆಲ್ಲೋ ಠಕ್ಕೆಂದಿತು. ಗಾಲಿಗಳು ನಿಂತವು, ಎಂಜಿನ್ ನಿಲ್ಲಲಿಲ್ಲ.

"ಬಿಡ್ತು ನೋಡ್ರಿ. ಅವತ್ತ ಒಂದ ಕೋಲ ಮರೀದಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ," ಎನ್ನುತ್ತ ಅವನು ಇಳಿದು ಕೈ ಒರೆಸಿಕೊಂಡ.

ದಿನಗಟ್ಟಲೆ ನಿಲ್ಲುವ ಕಾರಿನ ಕ್ಲಚ್ ಒತ್ತಿ, ಸೀಟಿಗೆ ಆನಿಸಿ ಒಂದು ಕೋಲು ಕೊಟ್ಟರೆ ಪ್ಲೇಟು ಅಂಟುವುದಿಲ್ಲ. ಅದು ಸಾತಪ್ಪನ ಕೆಲಸ. ಎಂಟು ವರ್ಷದ ಹಿಂದೆ ಒಮ್ಮೆ ಕೋಲು ಇರಲಿಲ್ಲ, ಪ್ಲೇಟು ಅಂಟಿತು. ಸಾವಕಾರರು ಹತ್ತು ಮಂದಿಯ ಮುಂದೆ, "ಇವತ್ತ ಕೋಲ ಮರ್ತಿ, ನಾಳಿ ಬ್ರೇಕ ಮರೀತಿ," ಎಂದು ಅವನ ಕೈಯಿಂದ ಕೀಲಿ ಕಸಿದುಕೊಂಡಿದ್ದರು.

"ನೀ ಮರ್ತಿದ್ದಿಲ್ಲ, ಸಾತಪ್ಪ," ಎಂದಳು ಮುತ್ತವ್ವ. "ದಸರಾದಾಗ ಖಂಡೇಪೂಜಿಗೆ ಕಾರ ತೊಳಿಯೋವಾಗ ಅದನ್ನ ನಾನ ತಗದಿದ್ದೆ. ಪೂಜಿ ಮಾಡೂ ಗಾಡ್ಯಾಗ ಹೊಲಸ ಕಟಗಿ ಯಾಕಂತ. ತಿರುಗಿ ಇಡಲಿಲ್ಲ. ಅವರು ನಿನ್ನ ಬಯ್ಯೋವಾಗ ಬಾಯಿ ಬಿಡಾಕ ಅಂಜಿದೆ."

ಸಾತಪ್ಪ ಆಕೆಯ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ ನಕ್ಕ.

"ನಿಮ್ಮ ಮನಸ ನನಗ ಗೊತ್ತಿಲ್ಲೇನ್ರಿ? ಬೈಸ್ಕೊಂಡ ಹೋಗಾವಗೂ ರೊಟ್ಟಿ ಕಟ್ಟಿ ಕೊಟ್ಟವ್ರು ನೀವು. ಈ ಮುದುಕಗ ಸಮಾಧಾನ ಆಗ್ಲಿ ಅಂತ ತಪ್ಪ ನಿಮ್ಮ ಮ್ಯಾಲ ಹಾಕ್ಕೋಬ್ಯಾಡ್ರಿ."

"ಖರೇನ ಹೇಳಾಕತ್ತೇನೋ."

"ಮರ್ತದ್ದು ನನಗ ಛಲೋ ನೆನಪೈತ್ರಿ," ಎಂದ ಅವನು, ಜಾಕು ಇಳಿಸುತ್ತ. "ಮರುವರ್ಷ ಸಾವಳಗಿ ಬಸ್ಸಿಗೆ ಡ್ರೈವರಾಗು ಅಂತ ಕರದಿದ್ರು. ಮರಗುಳಿ ಕೈಯಾಗ ಐವತ್ತ ಮಂದಿ ಜೀವ ಕೊಡಬಾರದಂತ ನಾನ ಒಲ್ಲೆ ಅಂದೆ. ಛಲೋ ಮಾಡಿದೆ, ಅಲ್ರಿ?"