ಗಾಂಧಾರಿ ಮೆಣಸಿನ ನೆವ್ರಿ

ಮಗಳಿಗೆ ಕೂಡಿಬಂದ ಸಂಬಂಧ ಮುರಿದದ್ದು ಪಕ್ಕದ ಮನೆಯ ಅಪೊಲಿನ್‌ಳ ನಾಲಿಗೆಯಿಂದ ಎಂದು ಲೆತೀಸಿಯಾಗೆ ತಿಳಿದಾಗ ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಹುಡುಗಿಗೆ ಮೂರ್ಛೆರೋಗ ಉಂಟೆಂದು ಅವಳು ಗಂಡಿನ ಕಡೆಯವರಿಗೆ ಹೇಳಿದ್ದಳಂತೆ. ಇಲ್ಲದ ರೋಗ!

ಲೆತೀಸಿಯಾ ಜಗಳಕ್ಕೆ ಹೋಗಲಿಲ್ಲ. ಎಳ್ಳು, ಕಾಯಿತುರಿ, ಸಕ್ಕರೆಯ ಹೂರಣಕ್ಕೆ ಗಾಂಧಾರಿ ಮೆಣಸು ಅರೆದು ಬೆರೆಸಿ, ಅಪೊಲಿನ್‌ಗೆಂದೇ ಬೇರೆಯಾಗಿ ಕರ್ಜಿಕಾಯಿಯಂಥ ನೆವ್ರಿ ಕರಿದಳು. ಹಬ್ಬದ ದಿನ ಇಗರ್ಜಿಯಿಂದ ಬಂದದ್ದೇ ತಟ್ಟೆ ಹಿಡಿದು ನಗುನಗುತ್ತ ಅವಳ ಮನೆಗೆ ನಡೆದಳು. ಜಗುಲಿ ತುಂಬ ನೆಂಟರು. ಇವರೆಲ್ಲರೆದುರು ಉಗುಳಲಿ, ಆಮೇಲೆ ಅವಳ ಸುಳ್ಳಿನ ಬಗ್ಗೆ ನಾನು ಬಾಯಿ ಬಿಡುತ್ತೇನೆ ಎಂದುಕೊಂಡಳು.

"ನಿಮಗೇಂತಲೇ ಮಾಡಿದ್ದು ಅಪೊಲಿನ್ ಬಾಯಿ. ನನ್ನೆದುರೇ ತಿನ್ಬೇಕು."

ಅಪೊಲಿನ್ ಒಂದನ್ನು ಕಚ್ಚಿದಳು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ಇಳಿಯಿತು. ಆದರೂ ಉಗುಳಲಿಲ್ಲ, ಅಗಿದು ಅಗಿದು ಪೂರ್ತಿ ನುಂಗಿದಳು.

"ನಮಗೂ ಒಂದು ಕೊಡು ಮಾರಾಯ್ತಿ" ಎಂದು ಅವಳ ನಾದಿನಿ ಕೈಚಾಚಿದಾಗ ಅಪೊಲಿನ್ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.

"ನೆವ್ರಿ ಹೇಗುಂಟು ಬಾಯಿ?" ಲೆತೀಸಿಯಾ ಬಿಡಲಿಲ್ಲ.

"ನಾನು ಮಾಡಿದ್ದಕ್ಕೆ ಇಷ್ಟು ಖಾರ ಸಾಲದು ಲೆತೀಸಿಯಾ" ಎಂದು ಮೆಲ್ಲಗೆ ಹೇಳಿ, ಅಪೊಲಿನ್ ಎರಡನೆಯದನ್ನು ಬಾಯಿಗಿಟ್ಟುಕೊಂಡಳು.